ಖೈರುನ್ನೀಸಾ ಘಟ್ಟ ಹತ್ತಿದ ದಿನ

ನ್ಯಾಮತಿಯ ಮೌಲಾಸಾಬ್ ಮಾತಿನಲ್ಲಿ ಬಲು ಬಿಗಿ. ಸ್ಟೇರಿಂಗ್ ಹಿಡಿದರೆ ಮಾತ್ರ ರಾಜ. ಹೊನ್ನಾಳಿಯ ಅಕ್ಕಿ ವ್ಯಾಪಾರಿ ಹಾಲೇಶಪ್ಪನವರ ಕಾರಿಗೆ ಅವನೇ ಡ್ರೈವರು, ಅವನೇ ಮೆಕ್ಯಾನಿಕ್ಕು. ಎರಡನೇ ಮಹಾಯುದ್ಧದ ಕಾಲ. ಪೆಟ್ರೋಲು ಸಿಗದೆ ಕಾರಿನ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿದ್ದರು. ಅದರ ಗ್ಯಾಸಿನಿಂದಲೇ ಎಂಜಿನ್ನು ಓಡಬೇಕು. ಹೊರಡುವ ಮೊದಲು ಬೂದಿ ಕೆದಕಿ, ಗಾಳಿ ಹಾಕಿ, ಮುಖಕ್ಕೆಲ್ಲ ಮಸಿ ಬಳಿದುಕೊಂಡು ನಿಲ್ಲುತ್ತಿದ್ದ ಮೌಲಾಸಾಬ್.

"ಕಾರು ಓಡಿಸಾಕೆ ಹೊಂಟೀರೋ, ಅಡಿಗೆ ಮಾಡಾಕೋ?" ಎಂದು ಹೆಂಡತಿ ಖೈರುನ್ನೀಸಾ ನಗುತ್ತಿದ್ದಳು.

ಅವಳು ಬರಗಾಲದ ಜಗಳೂರು ಸೀಮೆಯ ಸೊಕ್ಕೆ ಎಂಬ ಊರಿನವಳು. ಹೊಸದಾಗಿ ಬಂದಾಗ ಹೊನ್ನಾಳಿಯ ತುಂಬು ಹೊಳೆ ಕಂಡು ದಡದಲ್ಲೇ ಕೂತುಬಿಟ್ಟವಳು. ಸೀರೆ ಒಡವೆ ಕೇಳಿದವಳಲ್ಲ. ಮಕ್ಕಳಾಗಲಿಲ್ಲವೆಂದು ಅತ್ತವಳೂ ಅಲ್ಲ, ಅವನೆದುರಿಗಂತೂ ಅಲ್ಲ. ಕೇಳಿದ್ದು ಒಂದೇ, ಕಡಲು ನೋಡಬೇಕು, ಘಟ್ಟದ ಕಾಡು ನೋಡಬೇಕು. ಮೌಲಾಸಾಬ್ "ಆಗಲಿ" ಎಂದಿದ್ದ. ಗಂಡಸರ "ಆಗಲಿ" ಗೊತ್ತಲ್ಲ, ಅದಕ್ಕೆ ವರ್ಷಗಳೇ ಹಿಡಿದವು.

ಕೊನೆಗೊಮ್ಮೆ ಹೊನ್ನಾವರದಿಂದ ಕೊಬ್ಬರಿ ಎಣ್ಣೆಯ ಡಬ್ಬಿ ತರುವ ಕೆಲಸ ಬಂತು. ಹಾಲೇಶಪ್ಪನವರೇ ಹೇಳಿದರು: "ಹೆಂಡ್ತಿನೂ ಕರ್ಕೊಂಡು ಹೋಗೋ ಮೌಲಾ. ಬರುವಾಗ ಘಟ್ಟದ ಮ್ಯಾಲಿನ ಕಾಡಿನ ಬಂಗ್ಲೇಲಿ ಉಳಕೊಂಡು ಬರ್ರಿ. ಕಾವಲುಗಾರ ಸಣ್ಣತಿಮ್ಮಪ್ಪ ನಮ್ಮ ಉಬ್ರಾಣಿಯವನೇ."

ಕಡಲ ತಡಿಯಲ್ಲಿ ಖೈರುನ್ನೀಸಾ ಬುರ್ಖಾದ ಅಂಚು ನೆನೆಯುವವರೆಗೆ ನೀರಿಗಿಳಿದಳು. ಬೊಗಸೆಯಲ್ಲಿ ನೀರೆತ್ತಿ ನಾಲಿಗೆಗಿಟ್ಟು ಮುಖ ಸಿಂಡರಿಸಿದಳು. "ಇಷ್ಟೊಂದು ನೀರೈತೆ, ಒಂದು ಗುಟುಕು ಕುಡಿಯಾಕೆ ಆಗಲ್ಲ. ಸೊಕ್ಕೇಲಿ ಹೇಳಿದ್ರೆ ಯಾರು ನಂಬ್ತಾರ್ರೀ?" ಅವಳು ಅಷ್ಟು ನಕ್ಕದ್ದನ್ನು ಅವನು ಕಂಡಿರಲಿಲ್ಲ. ಇನ್ನು ಕಾಡೊಂದು ತೋರಿಸಿದರೆ ತಾನು ಗೆದ್ದೆ ಎಂದುಕೊಂಡ.

ಘಟ್ಟದ ಬುಡಕ್ಕೆ ಬರುವಷ್ಟರಲ್ಲಿ ಮಳೆ ಹಿಡಿಯಿತು. ಒದ್ದೆ ಬಟ್ಟೆಯಲ್ಲಿ ಅವಳು ನಡುಗುತ್ತಿದ್ದಳು. ಮೌಲಾಸಾಬ್ ಅವಳನ್ನು ಹಿಂದಿನ ಸೀಟಿನಲ್ಲಿ, ಒಲೆಗೆ ಒತ್ತಿಕೊಂಡ ಹಾಗೆ ಕೂರಿಸಿ, ಸುತ್ತಲೂ ದಪ್ಪ ಪರದೆ ಇಳಿಬಿಟ್ಟು, ಗಾಳಿ ನುಸುಳದಂತೆ ಅಂಚನ್ನೆಲ್ಲ ಸೀಟಿನಡಿ ಸಿಕ್ಕಿಸಿದ. ತಾನು ಮಾತ್ರ ರಸ್ತೆ ಕಾಣಲೆಂದು ತಲೆ ಹೊರಗೆ ಚಾಚಿ, ಮಳೆಗೆ ಮುಖವೊಡ್ಡಿ ಕಾರು ಹತ್ತಿಸಿದ.

"ಏನ್ರೀ, ತಲೆ ಸಿಡೀತೈತೆ," ಎಂದಳು ಒಳಗಿಂದ.

"ತಿರುವು ಜಾಸ್ತಿ, ಹಂಗಾಗ್ತೈತೆ. ಮಲಕ್ಕೋ."

"ಪರದೆ ಒಂಚೂರು ಸರಿಸ್ರೀ. ಕಾಡು ನೋಡ್ತೀನಿ."

"ನೆನೀತೀಯ ಖೈರು. ಬಂಗ್ಲೆ ಜಗಲೀಲಿ ಕೂತು ನೋಡೀಯಂತೆ."

ನಡುವೆ ಇದ್ದಿಲು ತುಂಬಲು ನಿಂತಾಗ ಇಣುಕಿ ನೋಡಿದ. ನಿದ್ದೆ ಹತ್ತಿತ್ತು. ಎಬ್ಬಿಸಲು ಮನಸ್ಸಾಗದೆ ಪರದೆಯನ್ನು ಮತ್ತೆ ಸಿಕ್ಕಿಸಿದ.

ಬಂಗಲೆಯ ಮುಂದೆ ಪರದೆ ಎತ್ತಿದಾಗ ಅವಳ ಕೆನ್ನೆ ಕೆಂಪಗಿತ್ತು. ಕರೆದ, ಅಲುಗಿಸಿದ. ಸಣ್ಣತಿಮ್ಮಪ್ಪ ಬಗ್ಗಿ ಮೂಗಿನ ಹತ್ತಿರ ಕೈಯಿಟ್ಟು ಹಿಂದೆ ಸರಿದ. "ಇದ್ದಿಲ ವಿಷ, ಸಾಬ್ರೇ. ಇಲ್ಲಿ ಚಳಿಗೆ ಬಾಗಿಲು ಹಾಕಿ ಕೆಂಡ ಇಟ್ಕೊಂಡು ಮಲಗಿದೋರು ಹಿಂಗೇ ಹೋಗ್ತಾರೆ." ಕಾಡಿನವರಿಗೆಲ್ಲ ಗೊತ್ತಿದ್ದ ಸಂಗತಿ. ದಿನವೂ ಇದ್ದಿಲಿನಲ್ಲೇ ಕೈಯಾಡಿಸಿದ ಬಯಲುಸೀಮೆಯ ಡ್ರೈವರಿಗೆ ಗೊತ್ತಿರಲಿಲ್ಲ. ಬೆಚ್ಚಗಿರಲಿ ಎಂದು ಕೊಂದಿದ್ದ.

ಮಳೆಗೆ ಮರಗಳು ಬಿದ್ದು ಹಿಂದಿನ ದಾರಿ, ಮುಂದಿನ ದಾರಿ ಎರಡೂ ಮುಚ್ಚಿದ್ದವು. ಅಲ್ಲೇ ಮಣ್ಣು ಮಾಡಬೇಕು. ಅದಕ್ಕೆ ಮೊದಲು ಸ್ನಾನವಾಗಬೇಕು. ಹೆಣ್ಣಿಗೆ ಹೆಣ್ಣೇ ಮಾಡಿಸಬೇಕು. ಸತ್ತ ಗಳಿಗೆಯಿಂದ ಹೆಂಡತಿ ಗಂಡನಿಗೆ ಹೊರಗಿನವಳು, ಮುಟ್ಟುವಂತಿಲ್ಲ ಎಂದು ಅವನಿಗೆ ಊರ ಹಿರಿಯರು ಕಲಿಸಿದ್ದರು. ಹತ್ತಿರದಲ್ಲಿ ಮುಸಲ್ಮಾನರ ಮನೆಯೇ ಇಲ್ಲ. ಸಣ್ಣತಿಮ್ಮಪ್ಪನ ಹೆಂಡತಿ ಸಾವಂತ್ರಮ್ಮ ಸೆರಗು ಬಿಗಿದಳು. "ಹೆಂಗೆ ಮಾಡಬೇಕು ಹೇಳ್ರಿ ಸಾಬ್ರೇ, ನಾನು ಮಾಡ್ತೀನಿ."

ಮೌಲಾಸಾಬ್ ಬಾಗಿಲಿನಾಚೆ ಬೆನ್ನು ತಿರುಗಿಸಿ ನಿಂತು ಹೇಳಿಕೊಟ್ಟ. ಮೊದಲು ಬಲಗಡೆ. ನೀರು ಮೆಲ್ಲಗೆ ಹಾಕಮ್ಮ. ಆಮೇಲೆ ಎಡಗಡೆ. ಒಳಗಿನಿಂದ ನೀರಿನ ಸದ್ದು ಬರುತ್ತಿತ್ತು.

"ಕೂದಲಾಗೆಲ್ಲ ಉಸುಕೈತಲ್ರೀ," ಎಂದಳು ಸಾವಂತ್ರಮ್ಮ. ಅದನ್ನು ತೊಳೆಯುತ್ತ, "ಇಲ್ಲಿ ನೋಡೋರು ಯಾರೂ ಇಲ್ಲ. ಒಂದ್ಸಲ ಬಂದು ಮುಟ್ರಿ," ಎಂದಳು.

ಅವನು ಹೋಗಲಿಲ್ಲ. ಅವಳ ಆಯುಷ್ಯ ತೆಗೆದದ್ದು ಸಾಲದೆ ಅವಳ ಪರಲೋಕವನ್ನೂ ಕೆಡಿಸಲೇ ಎಂದು ಚೌಕಟ್ಟು ಹಿಡಿದು ನಿಂತ.

ಯುದ್ಧ ಮುಗಿದು ಪೆಟ್ರೋಲು ಬಂತು. ಮೌಲಾಸಾಬ್ ಚನ್ನಗಿರಿಯ ಬಸ್ಸಿಗೆ ಡ್ರೈವರಾದ. ಇನ್ನೊಂದು ಮದುವೆಯ ಮಾತೆತ್ತಿದವರನ್ನು ಬೈದು ಕಳಿಸಿದ. ಒಂದು ದಿನ ಅವನ ಬೆನ್ನ ಹಿಂದಿನ ಸೀಟಿನಲ್ಲಿ ಭಟ್ಕಳದ ಜವಳಿ ವ್ಯಾಪಾರಿಯೊಬ್ಬ, ಈಚೆಗೆ ತೀರಿಕೊಂಡ ತನ್ನ ಹೆಂಡತಿಯ ಸುದ್ದಿಯನ್ನು ಪಕ್ಕದವನಿಗೆ ಹೇಳುತ್ತಿದ್ದ. ತಾನೇ ಸ್ನಾನ ಮಾಡಿಸಿದೆ, ತಾನೇ ಮಣ್ಣಿಗಿಳಿಸಿದೆ ಎಂದ.

ಮೌಲಾಸಾಬ್ ಬಸ್ಸು ನಿಲ್ಲಿಸಿ ತಿರುಗಿದ. "ಗಂಡ ಮುಟ್ಟಬೌದೇನ್ರೀ?"

"ಯಾಕೆ ಮುಟ್ಟಬಾರದು? ನಮ್ಮ ಕಡಲ ಕಡೆ ಮುಸಲ್ಮಾನರಲ್ಲಿ ಅದು ಗಂಡನ ಹಕ್ಕು."

"ಪಾಪ ಬರಲ್ವಾ?"

"ಇಲ್ಲಪ್ಪ."

ಮೌಲಾಸಾಬ್ ಸ್ಟೇರಿಂಗಿಗೆ ಹಣೆಯಿಟ್ಟು ಬಸ್ಸಿನ ತುಂಬ ಜನರೆದುರು ಬಿಕ್ಕಿ ಬಿಕ್ಕಿ ಅತ್ತ. ಯಾರೂ ಅವನಿಗೆ ಹೊರಡು ಎನ್ನಲಿಲ್ಲ.