ಮದಾಂ ಹೇಳದ ಮಾತು

ಗಿರಿಜಾ, ಆ ಫ್ರೆಂಚ್ ಹೆಂಗಸು ಮತ್ತೆ ಪಂದ್ಯಕ್ಕೆ ಇಳಿಯಲೇ ಇಲ್ಲ. ಮೊಣಕಾಲು ಮುರಿದ ಮೇಲೂ ಗೆದ್ದಳೆಂದು ನಾನು ಹೇಳಿದ್ದು ಸುಳ್ಳು — ಅವಳ ಬಾಯಿಗೆ ನಾನೇ ತುರುಕಿದ ಮಾತು.

ಎಂಬತ್ತರ ದಶಕದ ಆರಂಭ. ಆಕೆಯ ಗಂಡ ಕಾರ್ಖಾನೆಯೊಂದರಲ್ಲಿ ಯಂತ್ರ ಜೋಡಿಸಲು ಪುಣೆಗೆ ಬಂದ ಎಂಜಿನಿಯರ್. ಕೋಥರೂಡದ ನಿಮ್ಮ ಶಾಲೆಯವರು ಆಕೆಯನ್ನು ಕರೆಸಿದರು. ಫ್ರೆಂಚ್ ಕಲಿಯುತ್ತಿದ್ದ ನನ್ನನ್ನು ಮರಾಠಿಗೆ ಅನುವಾದಿಸಲು ನಿಲ್ಲಿಸಿದರು. ಎಷ್ಟು ಚೆಂದದ ಮಧ್ಯಾಹ್ನ ಅದು! ಆಕೆ ಬ್ರೆಡ್ ಅಂಗಡಿಯವನ ಮಗಳು, ಇಪ್ಪತ್ತು ತುಂಬುವ ಮೊದಲೇ ದೇಶದ ಸ್ಕೀಯಿಂಗ್ ಚಾಂಪಿಯನ್. ಹಿಮವನ್ನೇ ಕಾಣದ ನಿಮ್ಮೆದುರು ಎರಡು ಕೋಲು ಹಿಡಿದು, ಮೊಣಕಾಲು ಬಾಗಿಸಿ, ಬೆಟ್ಟದಿಂದ ಜಾರುವುದನ್ನು ವೇದಿಕೆಯ ಮೇಲೇ ತೋರಿಸಿದಳು. ಹೆಡ್‌ಮಿಸ್ಟ್ರೆಸ್‌ರನ್ನೂ ಎಬ್ಬಿಸಿ ಬಾಗಿಸಿದಾಗ ಸಭೆಯೆಲ್ಲ ಬಿದ್ದು ಬಿದ್ದು ನಕ್ಕಿತು.

ನೀನು ಮಾತ್ರ ನಗಲಿಲ್ಲ. ಓಟದಲ್ಲಿ ಬಿದ್ದು ನಿನ್ನ ಕಾಲು ಮುರಿದಿತ್ತು. ಪ್ಲಾಸ್ಟರ್ ತೆಗೆದ ಮೇಲೂ ಮೈದಾನವೆಂದರೆ ಹೆದರುತ್ತಿದ್ದೆ. ಆಕೆ ತಾನು ಬಿದ್ದದ್ದನ್ನು ಹೇಳಿದಾಗ ಮುಂದಿನ ಸಾಲಿನಿಂದ ನೀನು ನಮ್ಮ ಕನ್ನಡದಲ್ಲೇ ಕೂಗಿದೆ: "ಅಕ್ಕಾ, ಬಿದ್ದ ಮ್ಯಾಲ ಮತ್ತ ಆಡಿದಳೇನು? ಕೇಳ್ ಆಕಿನ್ನ!"

ನಾನು ಕೇಳಿದೆ. ಆಕೆ ನಿನ್ನನ್ನೇ ನೋಡಿ ನಕ್ಕಳು. "ಇಲ್ಲ ಮಗೂ. ಎರಡು ಚಳಿಗಾಲ ಒದ್ದಾಡಿದೆ, ಆಗಲಿಲ್ಲ. ತುಂಬ ಅತ್ತೆ. ಆಮೇಲೆ ನಿಧಾನ ನಡೆಯಲು ಕಲಿತೆ — ನಮ್ಮ ಬೆಟ್ಟದಲ್ಲಿ ಅಷ್ಟೊಂದು ಹೂ ಅರಳುತ್ತದೆಂದು ಆಗಲೇ ಗೊತ್ತಾದದ್ದು. ಈಗ ಸುಖವಾಗಿದ್ದೇನೆ."

ನಾನು ನಿನ್ನ ಮುಖ ನೋಡಿದೆ. "ಆಡಿದಳವಾ! ಮರುವರ್ಷಾನ ಗೆದ್ದಳು!" ಅಂದುಬಿಟ್ಟೆ ನಿನಗೆ, ಸಭೆಗೆ ಮರಾಠಿಯಲ್ಲೂ ಅದನ್ನೇ ಹೇಳಿದೆ. ಚಪ್ಪಾಳೆಯೋ ಚಪ್ಪಾಳೆ. ಆಕೆ, ಪಾಪ, ಏನೂ ತಿಳಿಯದೆ ಕೈ ಬೀಸಿದಳು.

ಮರುದಿನ ನೀನು ಮೈದಾನಕ್ಕಿಳಿದೆ. ಜಿಲ್ಲಾ ಪಂದ್ಯದಲ್ಲಿ ಮೂರನೆಯವಳಾಗಿ ಬಂದಾಗ ಅಪ್ಪ ಓಣಿಗೆಲ್ಲ ಪೇಢೆ ಹಂಚಿದರು. ಆ ಸಂತೋಷ ಸುಳ್ಳೆಂದು ಹೇಗೆ ಹೇಳಲಿ? ನೀನು ಕ್ರೀಡಾಶಿಕ್ಷಕಿಯಾದೆ. ಬಿದ್ದ ಮಕ್ಕಳಿಗೆಲ್ಲ ಆಕೆಯ ಕತೆ ಹೇಳಿದೆ, ಅವರೂ ಎದ್ದು ಓಡಿದರು — ನಾನು ಪಕ್ಕದಲ್ಲೇ ಕೂತು ಸುಮ್ಮನಿದ್ದೆ.

ಮೊನ್ನೆ ಫೋನಿನಲ್ಲಿ ಅಂದೆಯಲ್ಲ, "ಒಂದ್ ಹುಡುಗಿ ಅದಾಳಕ್ಕಾ, ಇನ್ನ ಓಡಬ್ಯಾಡ ಅಂದಾರ ಡಾಕ್ಟರ್. ಆ ಮದಾಂ ಕತಿ ಆಕಿಗೆ ಹೊಂದೂದಿಲ್ಲ. ಏನ್ ಹೇಳ್ಲಿ?" ಎಂದು. ಮದಾಂ ಹೇಳಿದ ನಿಜವಾದ ಕತೆ ಆ ಹುಡುಗಿಗೇ ಹೊಂದುವಂಥದ್ದು, ಗಿರಿಜಾ. ಇಷ್ಟು ವರ್ಷ ನಾನು ಬಚ್ಚಿಟ್ಟಿದ್ದೆ. ಸೋತೂ ಸುಖವಾಗಿದ್ದೇನೆಂದು ಧೈರ್ಯವಾಗಿ ಹೇಳಿದವಳಿಂದ ಆ ಮಾತನ್ನೇ ಕಸಿದುಕೊಂಡೆ.

ನೀನು ಎಷ್ಟು ಬೈದರೂ ಸರಿ. ನಾಳೆ ಆ ಹುಡುಗಿಯ ಮನೆಗೆ ನಾನೂ ಬರುತ್ತೇನೆ. ಮದಾಂ ಅಂದು ಹೇಳಿದ್ದನ್ನೇ ಹೇಳುತ್ತೇನೆ.