ನಲ್ಲಿಯ ಹತ್ತಿರ ಸಿಕ್ಕ ರಕ್ತದ ಡಾಕ್ಟರು

ಚಿನ್ನದ ಗಣಿಯಿದ್ದ ಊರಿಗಾಂ ಎಂಬ ಊರಿಗೆ ಬಂದು ಟೆಂಪೋದಿಂದ ಸಾಮಾನು ಇಳಿಸುತ್ತಿದ್ದಾಗ ಪಕ್ಕದ ಮನೆಯ ಹೆಂಗಸು ಹೊರಗೆ ಬಂದು ನಿಂತಳು. ಹೆಸರು ಕೇಳಲಿಲ್ಲ, ಯಾವೂರು ಎಂದೂ ಕೇಳಲಿಲ್ಲ. "ನಿಮ್ಮನೇಲಿ ಯಾರ್ಗೇನ್ ಕಾಯ್ಲೆ ಐತಮ್ಮಾ?" ಎಂದಳು. ನಾನು ಗದಗಿನ ಕಡೆಯವಳು. ನಮ್ಮಲ್ಲಿ ಹೊಸಬರನ್ನು ಕಂಡರೆ ಚಹಾ ಆಯ್ತೇನ್ರಿ ಎನ್ನುತ್ತಾರೆ. ಜಡ್ಡು ಕೇಳುವುದೆಂದರೆ ಕೆಟ್ಟದ್ದು ಬಯಸಿದ ಹಾಗೆ. "ಯಾರಿಗೂ ಏನಿಲ್ರೀ, ಎಲ್ಲಾರೂ ಗಟ್ಟಿ ಅದೀವಿ" ಎಂದು ಬಾಗಿಲು ಮುಂದೆ ಮಾಡಿಕೊಂಡೆ. ಹಾಗೆ ಪರಿಚಯವಾದವಳು ಮುನಿಯಮ್ಮ.

ನನ್ನ ಗಂಡ ಶರಣಪ್ಪ ಟೈಲ್ಸ್ ಹಾಕುವ ಕೆಲಸದವರು. ಕೆಲಸವೇನೋ ಬೆಂಗಳೂರಿನಲ್ಲಿತ್ತು, ಆದರೆ ಅಲ್ಲಿಯ ಬಾಡಿಗೆ ನಮ್ಮ ಕೈಗೆ ಎಟುಕುವಂತಿರಲಿಲ್ಲ. ಅದಕ್ಕೇ ರೈಲಿನಲ್ಲಿ ಹೋಗಿಬರಬಹುದಾದ ಇಲ್ಲಿಯ ಲೈನಿಗೆ ಬಂದೆವು. ಲೈನು ಎಂದರೆ ಗಣಿ ಇದ್ದ ಕಾಲದಲ್ಲಿ ಕಾರ್ಮಿಕರಿಗೆ ಸಾಲಾಗಿ ಕಟ್ಟಿದ ಮನೆಗಳು. ಎರಡು ಮನೆಗೆ ಒಂದೇ ಗೋಡೆ. ಇಲ್ಲಿ ಸೀನಿದರೆ ಆಚೆಯಿಂದ "ಕಷಾಯ ಕುಡಿ" ಎಂಬ ಸಲಹೆ ಬರುತ್ತದೆ. ಮಾತು ಕನ್ನಡದಲ್ಲಿ ಹೊರಟು ತೆಲುಗಿಗೆ ತಿರುಗಿ ತಮಿಳಿನಲ್ಲಿ ಮುಗಿಯುತ್ತದೆ. ರೊಟ್ಟಿ ತಿಂದು ಬೆಳೆದ ನಾನು ಮೊದಲ ಸಲ ಮುದ್ದೆಯನ್ನು ಅಗಿದು ಅಗಿದು ತಿಂದಾಗ ಮುನಿಯಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ರೊಟ್ಟಿಯ ನೆನಪಾಗಿ ನಾನು ಅತ್ತದ್ದೂ ಅವಳಿಗೆ ಗೋಡೆಯಾಚೆಯಿಂದಲೇ ಗೊತ್ತಾಗಿತ್ತಂತೆ.

ಮರುವರ್ಷ ಶರಣಪ್ಪ ಸೊರಗತೊಡಗಿದರು. ಎದ್ದರೆ ತಲೆಸುತ್ತು, ಪಕ್ಕೆಲುಬಿನ ಕೆಳಗೆ ಭಾರ. ಬಂಗಾರಪೇಟೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಬಿಳಿ ಕಣಗಳು ವಿಪರೀತ ಹೆಚ್ಚಿವೆ, ರಕ್ತ ಮತ್ತು ಕ್ಯಾನ್ಸರ್ ತಜ್ಞರಿಗೆ ತಡಮಾಡದೆ ತೋರಿಸಿ ಎಂದರು. ಫೋನಿನಲ್ಲಿ ಅತ್ತೆಗೆ ಹೇಳಿದೆ. ಆಕೆ ಅತ್ತು, ಆಮೇಲೆ, "ಯಾರ ಮುಂದೂ ಬಾಯಿ ಬಿಡಬ್ಯಾಡವ್ವಾ. ಅವನ ತಂಗೀದು ಇನ್ನೂ ಲಗ್ನ ಆಗಬೇಕು" ಎಂದರು. ಅದರಲ್ಲಿ ನನಗೆ ತಪ್ಪೇನೂ ಕಾಣಲಿಲ್ಲ. ನಮ್ಮ ಕಡೆ ದೊಡ್ಡ ಜಡ್ಡಿಗೆ ಹೆಸರು ಹೇಳುವುದಿಲ್ಲ. ಲೈನಿನಲ್ಲಿ ಕೇಳಿದವರಿಗೆಲ್ಲ ಪಿತ್ತ ಎಂದೆ.

ನಮ್ಮಲ್ಲಿದ್ದದ್ದು ಸರ್ಕಾರದ ಆರೋಗ್ಯ ಕಾರ್ಡು ಒಂದೇ. ಅದನ್ನು ಹಿಡಿದು ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಗೆ ಹೋದೆವು. ಬಾಗಿಲಲ್ಲೇ ಕಾರ್ಡಿನ ಬೋರ್ಡು ಕಂಡು ಜೀವ ಬಂದಂತಾಯಿತು. ಒಳಗಿನ ಹುಡುಗಿ ಕಾರ್ಡು ನೋಡಿ, "ಇದು ನಮ್ಮಲ್ಲಿ ಹಾರ್ಟಿಗೆ ನಡೆಯುತ್ತೆ, ಬ್ಲಡ್ಡಿಗೆ ಇಲ್ಲ" ಎಂದಳು. ಇನ್ನೊಂದು ಆಸ್ಪತ್ರೆಯಲ್ಲಿ ರಕ್ತದ ವಿಭಾಗಕ್ಕೂ ಕಾರ್ಡು ನಡೆಯುತ್ತಿತ್ತು, ಆದರೆ ಡಾಕ್ಟರೇ ಬಿಟ್ಟುಹೋಗಿದ್ದರು. ಮರಳುವ ರೈಲಿನಲ್ಲಿ ಶರಣಪ್ಪ ಕಿಟಕಿಗೆ ತಲೆ ಆನಿಸಿ ಕೂತಿದ್ದರು. ಈ ಮನುಷ್ಯನನ್ನು ಕಳೆದುಕೊಂಡುಬಿಡುತ್ತೇನೆ ಎಂದು ನನಗೆ ಭಯವಾಯಿತು.

ಮಾರನೆಯ ದಿನ ನಲ್ಲಿಯ ಹತ್ತಿರ ಮುನಿಯಮ್ಮ ನನ್ನ ಕೊಡ ಕಿತ್ತುಕೊಂಡಳು. "ಪಿತ್ತಕ್ಕೆ ಯಾರಮ್ಮಿ ಬೆಂಗ್ಳೂರ್ಗೆ ಓಗ್ತಾರೆ? ನಿಜ ಏಳು, ಏನಾಗೈತೆ?"

ತಡೆಯಲಾಗಲಿಲ್ಲ. ಪಿಸುಮಾತಿನಲ್ಲಿ ಹೇಳಿದೆ. ಅವಳು ಕೊಡ ಕೆಳಗಿಟ್ಟು, ಇಡೀ ಲೈನಿಗೆ ಕೇಳುವಂತೆ, "ಶರಣಪ್ಪಂಗೆ ರಕ್ತದ ಕ್ಯಾನ್ಸರಂತೆ! ಕಾರ್ಡ್ ತಗೊಳೋ ಡಾಕ್ಟ್ರು ಯಾರ್ಗಾದ್ರೂ ಗೊತ್ತೇನ್ರೇ?" ಎಂದು ಕೂಗಿಬಿಟ್ಟಳು.

ಭೂಮಿ ಬಾಯಿ ಬಿಡಬಾರದೇ ಎನಿಸಿತು. ಅತ್ತೆಯ ಮುಖ ಕಣ್ಣ ಮುಂದೆ ಬಂತು. ಆದರೆ ಯಾರೂ ಹೌಹಾರಲಿಲ್ಲ. ಗಣಿಯ ಕಲ್ಲುಧೂಳು ಕುಡಿದು ಕೆಮ್ಮುತ್ತಲೇ ಮುದುಕರಾದವರ ಮನೆಗಳಿವು. ಇಲ್ಲಿ ಕಾಯಿಲೆಯನ್ನು ಮುಚ್ಚಿಡಲು ಗೋಡೆಯೇ ಬಿಡುವುದಿಲ್ಲ. ಸಂಜೆಯ ಹೊತ್ತಿಗೆ ಮುನಿಯಮ್ಮನ ತಮ್ಮ ವೆಂಕಟೇಶಪ್ಪ ಬಂಗಾರಪೇಟೆಯ ಹತ್ತಿರದ ಹಳ್ಳಿಯಿಂದ ಬಂದರು. ಡೈರಿಗೆ ಹಾಲು ಹಾಕುವವರು. ಅವರಿಗೂ ರಕ್ತದ್ದೇ ತೊಂದರೆಯಂತೆ. "ನಾನ್ ಬೆಂಗ್ಳೂರಲ್ಲಿ ತೋರ್ಸೋ ಡಾಕ್ಟ್ರು ಕಾರ್ಡ್ ತಗೋತಾರೆ ಕಣಪ್ಪ. ಆದ್ರೆ ಸರ್ಕಾರಿ ಆಸ್ಪತ್ರೆಯೋರು ಅಲ್ಲಿಗೆ ಬರ್ಕೊಡೋ ಚೀಟಿ ಮೊದ್ಲು ಬೇಕು. ನಾಳೆ ಅದು ಮಾಡ್ಸಿ, ನಾಳಿದ್ದು ನಾನೂ ಬತ್ತೀನಿ."

ಚೀಟಿ ಸಿಕ್ಕ ಮಾರನೆಯ ದಿನ ಮುನಿಯಮ್ಮ ಕೂಲಿ ಬಿಟ್ಟು ನಮ್ಮ ಜೊತೆ ಹೊರಟಳು. ಬೇಡ ಎಂದರೆ ಕೇಳಬೇಕಲ್ಲ. "ಲೈನಿಂದ ಒಬ್ರು ಆಸ್ಪತ್ರೆಗೆ ಓದ್ರೆ ಪಕ್ಕದ್ಮನೆಯೋರು ಜೊತೆಗೆ ಓಗ್ಬೇಕು. ನಮ್ಮತ್ತೆ ಕಾಲ್ದಿಂದ್ಲೂ ಇಂಗೇ" ಎಂದು ಬುತ್ತಿ ಕಟ್ಟಿಕೊಂಡಳು. ವೆಂಕಟೇಶಪ್ಪ ಬಂಗಾರಪೇಟೆಯಲ್ಲಿ ರೈಲು ಹತ್ತಿದರು. ಒಬ್ಬ ರೋಗಿಗೆ ಮೂವರು ಜೊತೆ, ಮದುವೆಗೆ ಹೊರಟ ದಿಬ್ಬಣದ ಹಾಗೆ!

ಡಾಕ್ಟರು ಕನ್ನಡಕ ಮೇಲೇರಿಸಿ ವರದಿ ನೋಡಿದರು. ಮೂಳೆಯೊಳಗಿನ ಮಜ್ಜೆಯ ಪರೀಕ್ಷೆಯಾಗಬೇಕು ಎಂದರು. ಅದೂ ಆಯಿತು, ಕಾರ್ಡೂ ನಡೆಯಿತು. ಫಲಿತಾಂಶ ಬಂದ ದಿನ, "ರಕ್ತದ ಕ್ಯಾನ್ಸರಿನಲ್ಲಿ ಇದು ನಿಧಾನದ್ದು. ದಿನಾ ಮಾತ್ರೆ ತಪ್ಪಿಸಬಾರದು, ಪರೀಕ್ಷೆ ತಪ್ಪಿಸಬಾರದು. ಕೆಲಸ ಮಾಡ್ಕೊಂಡು ಬಾಳಬಹುದು" ಎಂದರು. ಮಾತ್ರೆಯೂ ಕಾರ್ಡಿನಲ್ಲೇ ಸಿಗುತ್ತದೆ ಎಂದು ತಿಳಿದಾಗ ನಾನು ಅಲ್ಲೇ ಬಿಕ್ಕಿದೆ. "ಬದುಕ್ತಾನೆ ಅಂದ್ರೆ ಯಾಕಮ್ಮಿ ಅಳ್ತೀಯಾ?" ಎಂದ ಮುನಿಯಮ್ಮನ ಕಣ್ಣೂ ಒದ್ದೆಯಾಗಿತ್ತು.

ಈಗ ಶರಣಪ್ಪ ಮತ್ತೆ ಕೆಲಸಕ್ಕೆ ಹೋಗುತ್ತಿದ್ದಾರೆ. ಹೋದ ತಿಂಗಳು ಡಾಕ್ಟರು, "ನಿಮ್ಮ ಫೈಲು ಹುಬ್ಬಳ್ಳಿಗೆ ಕಳಿಸಲಾ? ಅಲ್ಲೂ ಕಾರ್ಡು ತಗೊಳ್ತಾರೆ, ಊರು ಹತ್ತಿರವಾಗುತ್ತೆ" ಎಂದು ಕೇಳಿದರು. ನಾನು ಇಲ್ಲಿಗೆ ಬಂದಾಗಿನಿಂದ ಕಾಯುತ್ತಿದ್ದ ಮಾತು ಅದು. ಬಾಯಿಗೆ ಬಂದದ್ದು ಮಾತ್ರ, "ಬ್ಯಾಡ್ರೀ ಸರ್, ಇಲ್ಲೇ ಇರಲಿ." ಯಾಕೆಂದರೆ ಊರಿನವರ ಲೆಕ್ಕದಲ್ಲಿ ನನ್ನ ಗಂಡನಿಗೆ ಇನ್ನೂ ಏನೂ ಆಗಿಲ್ಲ. ದೀಪಾವಳಿಗೆ ಹೋದಾಗ ಅವರು ಮಾತ್ರೆಯನ್ನು ಹಿತ್ತಲಲ್ಲಿ ನುಂಗಿ, ಗಟ್ಟಿ ಆಳಿನಂತೆ ಕಾಳಿನ ಚೀಲ ಹೊತ್ತರು. ಊರಿಗಾಂಗೆ ಮರಳಿದ ಮೇಲೆ ಎರಡು ದಿನ ಹಾಯಾಗಿ ಕಾಯಿಲೆಯವರಾಗಿ ಮಲಗಿದರು.

ನಾದಿನಿಯ ಲಗ್ನ ಇನ್ನೂ ಆಗಿಲ್ಲ. ಆದರೂ ಅವಳೇ ಫೋನು ಮಾಡಿ, ಅಣ್ಣನ ಜಡ್ಡು ಮುಚ್ಚಿಟ್ಟು ಆಗುವ ಲಗ್ನ ನನಗೆ ಬೇಡ ಎಂದಳು. ಹಾಗಾದರೆ ಇದನ್ನೆಲ್ಲ ಬರೆಯಲೇ ಎಂದು ಶರಣಪ್ಪನನ್ನು ಕೇಳಿದೆ.

"ಬರಿ," ಎಂದರು. "ನಮ್ಮೂರಾಗ ಯಾರರೆ ಒಬ್ರು ಇದ ಜಡ್ಡು ಮುಚ್ಚಿಟ್ಕೊಂಡು ಕುಂತಿರ್ತಾರ."