ಕರಿಯ ಬಸ್ಸು ಹತ್ತಿದ್ದು

ಯುದ್ಧದಲ್ಲಿ ಕಣ್ಣು ಕಳೆದುಕೊಂಡು ಬಂದ ನಮ್ಮ ಯಜಮಾನರಿಗೆ ದೊಡ್ಡಬಳ್ಳಾಪುರದಲ್ಲಿ ಕುರ್ಚಿಗೆ ಬೆತ್ತ ಹೆಣೆಯುವ ಕೆಲಸ ಸಿಕ್ಕಿತು. ಕಂಕುಳಲ್ಲಿ ಕೂಸಿದ್ದ ನಾನು ದಿನಾ ಜೊತೆಗೆ ಹೋಗುವಂತಿರಲಿಲ್ಲ. ಸಂತೆ ಬೀದಿಯಲ್ಲಿ ಕಾಲು ಮುರಿದುಕೊಂಡು ಬಿದ್ದಿದ್ದ ಬೀದಿನಾಯಿ ಕರಿಯನನ್ನು ಮನೆಗೆ ತಂದು ಸಾಕಿ, ಅವರಿಗೆ ದಾರಿ ತೋರಿಸುವುದನ್ನು ಕಲಿಸಿದ್ದೆ. ಚರಂಡಿಯೋ ಮೆಟ್ಟಿಲೋ ಎದುರಾದರೆ ಅವರ ಮೊಣಕಾಲಿಗೆ ಅಡ್ಡ ನಿಲ್ಲಬೇಕು. ನಿಂತರೆ ಒಂದು ಚೂರು ರಾಗಿಮುದ್ದೆ.

ಮೊದಲ ದಿನ ಇಬ್ಬರನ್ನೂ ಬಸ್ಸು ಹತ್ತಿಸಲು ಹೋದಾಗಲೇ ಕಂಡಕ್ಟರ್ ಬಾಗಿಲಿಗೆ ಕೈ ಅಡ್ಡ ಹಿಡಿದ.

"ನಾಯಿ ಹತ್ತಿಸೋ ಹಾಗಿಲ್ಲಮ್ಮ. ರೂಲ್ಸು."

"ಒಳಗೆ ಹುಂಜ ಕೂಗ್ತಾ ಇದೆಯಲ್ಲಣ್ಣ?"

"ಅದಕ್ಕೆ ಲಗೇಜ್ ಟಿಕೆಟ್ ಇದೆ. ನಾಯಿಗೆ ಯಾವ ಟಿಕೆಟ್ಟೂ ಇಲ್ಲ. ಇವರನ್ನ ನಾನೇ ಇಳಿಸ್ತೀನಿ ಬಿಡಿ."

"ಇಳಿಸ್ತೀರ, ಸರಿ. ರಸ್ತೆ ದಾಟಿಸೋರು ಯಾರು? ಬಸ್ಸು ನಿಲ್ಸಿ ಕೆಲಸದ ಜಾಗದವರೆಗೂ ಬರ್ತೀರಾ?"

ಆತ ಸೀಟಿ ಊದಿದ. ನಾನು ಕೂಸಿನ ಸಮೇತ ಹೋಗಿ ಬಸ್ಸಿನ ಮುಂದೆ ಕೂತೆ. ಡ್ರೈವರ್ ಹಾರನ್ ಒತ್ತಿದಷ್ಟೂ ಕೂಸು ಕೇಕೆ ಹಾಕಿ ನಕ್ಕಿತು. ಒಳಗಿದ್ದವರೆಲ್ಲ ಬೈಯತೊಡಗಿದರು, ನನ್ನನ್ನಲ್ಲ, ಕಂಡಕ್ಟರನ್ನು.

"ಹತ್ತಿಸ್ರಮ್ಮ, ಹತ್ತಿಸ್ರಿ!" ಕೊನೆಗೆ ಕಂಡಕ್ಟರೇ ಸೋತು ಕೂಗಿದ.

ಕರಿಯ ಬಾಗಿಲ ಹತ್ತಿರ ಹೋಗಿ ಅಡ್ಡ ನಿಂತುಬಿಟ್ಟ.

"ನೋಡಿ, ಅದಕ್ಕೇ ಇಷ್ಟ ಇಲ್ಲ!" ಕಂಡಕ್ಟರಿಗೆ ಗೆದ್ದಷ್ಟು ಖುಷಿ.

"ಮೆಟ್ಟಿಲಿದೆ ಅಂತ ಹೇಳ್ತಾ ಇದೆ ಕಣಣ್ಣ. ನೀವು ಹೇಳಿದ್ರಾ?"

ಯಜಮಾನರು ಕಾಲಿನಿಂದ ಮೆಟ್ಟಿಲು ತಡಕಿ ಹತ್ತಿದರು. ಕರಿಯ ಹಿಂದೆಯೇ ಹಾರಿದ.

ಸಂಜೆ ಇಬ್ಬರೂ ಸುಖವಾಗಿ ವಾಪಸ್ ಬಂದರು. ದಾರಿಯುದ್ದಕ್ಕೂ ಕಂಡಕ್ಟರ್ ಕರಿಯನನ್ನೇ ಮಾತಾಡಿಸಿದನಂತೆ. ಯುದ್ಧ ಮಾಡಿ ಬಂದವರು ಇವರು, ಊರೆಲ್ಲ ಹೆಸರು ಬಂದಿದ್ದು ನಾಯಿಗೆ.